ನಮ್ಮ ಕಾಲು ಬೇಕು, ನಮ್ಮ ತಲೆ ಬೇಡವೇ?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಈವತ್ತು ನಾವು ದೊಡ್ಡ ದೊಡ್ಡ ತತ್ವದ ಮಾತು ಆಡೋಕೆ ನಿಂತಿಲ್ಲ. ಈ ಹಾಸ್ಟೆಲಿನ ಒಬ್ಬ ಹುಡುಗನ ಮುಂದೆ ಬಂದು ಕೂತಿರುವ ಒಂದು ಪ್ರಶ್ನೆಯನ್ನು ಎಲ್ಲರ ಮುಂದೆ ಇಟ್ಟು ಮಾತಾಡೋಣ ಅಂತ ನಿಂತಿದ್ದೇವೆ. ಹುಡುಗ ಇಲ್ಲೇ ಕೂತಿದ್ದಾನೆ. ಹೆಸರು ಹೇಳೋದು ಬೇಡ ಅಂದ. ಹೇಳಲ್ಲ. ಆದರೆ ಅವನ ಪ್ರಶ್ನೆ ಅವನೊಬ್ಬನದಲ್ಲ, ಮುಂದಿನ ವರ್ಷ ನಿಮ್ಮಲ್ಲಿ ಇನ್ನೊಬ್ಬರದು.

ಹುಡುಗ 800 ಮೀಟರ್ ಓಡ್ತಾನೆ. ಪಿ.ಯು. ಜಿಲ್ಲಾ ಕ್ರೀಡಾಕೂಟದಲ್ಲಿ ಗೆದ್ದು ರಾಜ್ಯ ಮಟ್ಟಕ್ಕೆ ಹೋಗಿ ಬಂದಿದ್ದಾನೆ. ಸೈನ್ಸ್ ತಗೊಂಡು ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದಾನೆ. ಅಪ್ಪ ಗಾರೆ ಕೆಲಸ, ಅವ್ವ ಕೂಲಿ. ಅವನ ಕೈಯಲ್ಲಿ ಒಂದು ಕಾಗದ ಇದೆ. ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಸೀಟು ಸಿಕ್ಕಿರುವ ಕಾಗದ. ಅದರ ಜೊತೆಗೆ ಒಂದು ಬಾಯಿಮಾತು ಇದೆ. ಒಂದು ಖಾಸಗಿ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ಇವನ ಓಟ ನೋಡಿ ಮನೆ ಹುಡುಕಿಕೊಂಡು ಬಂದು ಆಡಿ ಹೋದ ಮಾತು: "ಸೀಟು ಫ್ರೀ, ಊಟ ಫ್ರೀ, ಶೂ ನಾವು ಕೊಡ್ತೀವಿ, ದಿನಾ ಹಾಲು ಮೊಟ್ಟೆ ಕೊಡ್ತೀವಿ. ಆದರೆ ಬಿ.ಎಸ್ಸಿ. ಬೇಡ, ಪ್ರಾಕ್ಟಿಕಲ್ ಅಂತ ಮಧ್ಯಾಹ್ನ ಎಲ್ಲಾ ಹೋಗ್ತದೆ. ಬೇರೆ ಏನಾದ್ರೂ ಸೇರಿಸ್ಕೋತೀವಿ. ಸೋಮವಾರದೊಳಗೆ ಹೇಳಿ."

ಅವರಪ್ಪ ಏನಂದರು? "ಊಟ ಬಟ್ಟೆ ಕೊಡ್ತಾರಂತಲ್ಲಪ್ಪಾ, ಹೋಗು." ಆ ಅಪ್ಪನನ್ನು ನಾವು ತಪ್ಪು ಅನ್ನೋಕೆ ಆಗಲ್ಲ. ತಟ್ಟೆ ತುಂಬ ಅನ್ನ ಯಾರು ಕೊಡ್ತಾರೋ ಅವರು ದೊಡ್ಡವರು ಅಂತ ನಂಬಿಸಿ ಬೆಳೆಸಿದ ಊರು ನಮ್ಮದು. ಅಪ್ಪನ ಮಾತಿನ ಹಿಂದೆ ಹಸಿವಿನ ಇತಿಹಾಸ ಇದೆ. ಆದರೆ ಮಗನ ಮುಂದೆ ಇರೋದು ಮೂರು ವರ್ಷ ಮಾತ್ರ ಅಲ್ಲ, ಮೂವತ್ತು ನಲವತ್ತು ವರ್ಷ.

ಮೊದಲು ನಮ್ಮ ಕತೆ ಹೇಳಿಬಿಡ್ತೀವಿ. ನಾವು ಐದು ಜನ, ಒಂದೇ ಹಾಸ್ಟೆಲಿನವರು, ಆಟದ ಮೇಲೆ ಒಂದು ಕಾಲೇಜು ಸೇರಿದೆವು. ಮೂವರು ಕಬಡ್ಡಿ, ಇಬ್ಬರು ಓಟ. ಬೆಳಿಗ್ಗೆ ಐದಕ್ಕೆ ಮೈದಾನ, ಸಂಜೆ ನಾಲ್ಕಕ್ಕೆ ಮೈದಾನ. ನಡುವೆ ಕ್ಲಾಸು. ಆ ಕ್ಲಾಸಿನಲ್ಲಿ ನಾವು ಮಾಡ್ತಿದ್ದದ್ದು ನಿದ್ದೆ. ಮೇಷ್ಟ್ರು ಎಬ್ಬಿಸ್ತಿರಲಿಲ್ಲ. "ಸ್ಪೋರ್ಟ್ಸ್‌ನವರು, ಬಿಡಿ" ಅಂತಿದ್ದರು. ಆಗ ಅದು ನಮಗೆ ಮರ್ಯಾದೆ ಅನ್ನಿಸ್ತಿತ್ತು. ಇವರಿಗೆ ಓದು ಬರಲ್ಲ, ಬರಬೇಕಾಗೂ ಇಲ್ಲ ಅನ್ನೋ ತೀರ್ಮಾನ ಅದರೊಳಗೆ ಇತ್ತು ಅಂತ ಆಮೇಲೆ ಗೊತ್ತಾಯ್ತು.

ಮೂರು ವರ್ಷ ಶೀಲ್ಡು ಗೆದ್ದೆವು. ಶೀಲ್ಡು ಪ್ರಿನ್ಸಿಪಾಲರ ರೂಮಿನ ಗಾಜಿನ ಬೀರುವಿಗೆ ಹೋಯಿತು. ನಮ್ಮಲ್ಲಿ ಡಿಗ್ರಿ ಪಾಸಾದವರು ಇಬ್ಬರು. ಅದರಲ್ಲೂ ಒಬ್ಬರಿಗೆ ಐದು ವರ್ಷ ಹಿಡಿಯಿತು. ಒಬ್ಬ ಪೊಲೀಸ್ ಆದ, ಸಂತೋಷ. ಒಬ್ಬನಿಗೆ ಎರಡನೇ ವರ್ಷ ಮೊಣಕಾಲಿನ ಲಿಗಮೆಂಟ್ ಹರಿಯಿತು. ಕಾಲೇಜಿಗಾಗಿ ಆಡುವಾಗ ಹರಿದದ್ದು. ಮುಂದಿನ ವರ್ಷ ಆಫೀಸಿನಲ್ಲಿ "ನಿಮ್ಮ ಫೀಜು ಬಾಕಿ ಇದೆ" ಅಂದರು. ಫ್ರೀ ಅಂದಿದ್ರಲ್ಲಾ ಸಾರ್ ಅಂದರೆ, "ಆಡೋ ತನಕ ಫ್ರೀ" ಅಂದರು. ಬರೆದು ಕೊಟ್ಟದ್ದು ಏನೂ ಇಲ್ಲ. ಅವನ ಪಿ.ಯು.ಸಿ. ಮಾರ್ಕ್ಸ್ ಕಾರ್ಡು ಅವರ ಬೀರುವಿನಲ್ಲೇ ಉಳಿಯಿತು. ಈಗ ಅವನು ಗೂಡ್ಸ್ ಆಟೋ ಓಡಿಸ್ತಾನೆ. ಬ್ರೇಕು ತುಳಿದಾಗೆಲ್ಲಾ ಮೊಣಕಾಲು ನೋಯ್ತದೆ ಅಂತಾನೆ.

ಹಾಗಂತ ಆಟ ಬಿಡಿ, ಓದಿ ಅಂತ ಹೇಳಿ ಕೂತುಕೊಳ್ಳೋದು ಸುಲಭ. ಅದು ಪೂರ್ತಿ ಸತ್ಯ ಅಲ್ಲ. ಸ್ವಲ್ಪ ನಿಧಾನವಾಗಿ ಯೋಚನೆ ಮಾಡೋಣ.

ಗೆಳೆಯರೇ, ಈ ಜಾತಿ ವ್ಯವಸ್ಥೆ ಮನುಷ್ಯನನ್ನು ಸೀಳಿತು. ತಲೆ ಒಂದು ಜಾತಿಗೆ, ಕೈಕಾಲು ಇನ್ನೊಂದು ಜಾತಿಗೆ ಅಂತ ಹಂಚಿತು. ಓದೋನು ಒಬ್ಬ, ದುಡಿಯೋನು ಒಬ್ಬ. ನಮ್ಮ ಅಪ್ಪಂದಿರ ಮೈ ಗೌಡರ ಹೊಲಕ್ಕೆ ಬೇಕಿತ್ತು. ಅವರ ಯೋಚನೆ ಯಾರಿಗೂ ಬೇಕಿರಲಿಲ್ಲ. ಜೀತದಾಳನ್ನು ಆರಿಸುವಾಗ ತೋಳು ಮುಟ್ಟಿ ನೋಡ್ತಿದ್ದರು. ಈಗ ಒಂದು ಕಾಲೇಜಿನವರು ಬಂದು ನಮ್ಮ ಹುಡುಗನ ಕಾಲು ನೋಡಿ, ಅವನ ಮಾರ್ಕ್ಸ್ ಕಾರ್ಡು ನೋಡದೆ "ಬಾ" ಅಂದರೆ, ಸ್ವಲ್ಪ ಹಿಂದಕ್ಕೆ ತಿರುಗಿ ನೋಡಬೇಕಾಗ್ತದೆ. ಕರೆಯೋ ರೀತಿ ಬದಲಾಗಿದೆ. ಕರೆಯೋ ಕಾರಣ ಬದಲಾಗಿದೆಯಾ?

ಇದಕ್ಕೆ ನಮ್ಮದೇ ನೆಲದ ಸಾಕ್ಷಿ ಇದೆ. ಪಾಲವಣಕರ್ ಬಾಳೂ ಅಂತ ಒಬ್ಬ ಕ್ರಿಕೆಟ್ ಆಟಗಾರ. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ಚಮ್ಮಾರ ಜಾತಿಯಲ್ಲಿ. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿ ಸಂಬಳಕ್ಕೆ ಮೈದಾನ ಉರುಳು ಹೊಡೆಯೋ, ನೆಟ್ ಕಟ್ಟೋ ಕೆಲಸ. ದೊರೆಗಳಿಗೆ ಬ್ಯಾಟಿಂಗ್ ಅಭ್ಯಾಸ ಆಗಲಿ ಅಂತ ಗಂಟೆಗಟ್ಟಲೆ ಚೆಂಡು ಎಸೀಬೇಕಿತ್ತು. ಹಾಗೆ ಎಸೆದೂ ಎಸೆದೂ ಎಡಗೈ ಸ್ಪಿನ್ನಿನಲ್ಲಿ ದೇಶಕ್ಕೇ ದೊಡ್ಡ ಬೌಲರ್ ಆದರು. ಆದರೆ ಅವರ ಕೈಗೆ ಬ್ಯಾಟು ಕೊಡ್ತಿರಲಿಲ್ಲ ಅಂತ ಅವರ ಬದುಕಿನ ಕತೆ ಬರೆದವರು ಹೇಳ್ತಾರೆ. ಹಿಂದೂ ತಂಡ ಅವರನ್ನು ಆಟಕ್ಕೆ ಸೇರಿಸಿಕೊಂಡಿತು. ಅವರ ಚೆಂಡು ಮುಟ್ಟಿದರೆ ಮೈಲಿಗೆ ಇಲ್ಲ, ಟೀ ಬಟ್ಟಲು ಮುಟ್ಟಿದರೆ ಮೈಲಿಗೆ. ಪೆವಿಲಿಯನ್ನಿನ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಟೀ. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ನೂರಕ್ಕೂ ಮಿಕ್ಕಿ ವಿಕೆಟ್ ಕಿತ್ತವರು ಅವರು. ಆದರೂ ಅವರನ್ನು ಹಿಂದೂ ತಂಡದ ನಾಯಕ ಅಂತ ಮಾಡಲಿಲ್ಲ. ಎಷ್ಟೋ ಗಲಾಟೆ ಆದ ಮೇಲೆ 1923ರಲ್ಲಿ ಅವರ ತಮ್ಮ ವಿಠ್ಠಲ ನಾಯಕನಾದ.

ಇದರಿಂದ ನಾವು ಕಲಿಯೋದು ಎರಡು. ಒಂದು, ಆಟ ನಿಜವಾಗ್ಲೂ ಗೋಡೆ ಒಡೀತದೆ. ಬಾಳೂ ಚೆಂಡು ತಿರುಗಿಸದೆ ಇದ್ದಿದ್ದರೆ ಆ ಕ್ಲಬ್ಬುಗಳ ಬಾಗಿಲು ಇನ್ನೂ ಎಷ್ಟು ವರ್ಷ ಮುಚ್ಚಿರ್ತಿತ್ತೋ. ಎರಡು, ಬೌಲಿಂಗ್ ಮಾಡಿಸಿಕೊಂಡು ಬ್ಯಾಟು ಕೊಡದೆ ಇರೋದು ಆಳುವವರ ಹಳೇ ಬುದ್ಧಿ. ನಿಮ್ಮನ್ನು ಕರೆಯೋ ಕಾಲೇಜು ಬ್ಯಾಟೂ ಕೊಡ್ತದಾ ಅಂತ ಕೇಳಬೇಕು.

ಈಗ ಸಮುದ್ರದಾಚೆಗೆ ಹೋಗೋಣ. 1972ರಲ್ಲಿ ಮುಂಬೈಯಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟಿದಾಗ ಹೆಸರು ತಗೊಂಡದ್ದು ಅಮೆರಿಕದ ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ಸಿಂದ. ಆ ಕಪ್ಪು ಜನ ಇದೇ ಪ್ರಶ್ನೆಯನ್ನು ನಮಗಿಂತ ಮುಂಚೆ ಎದುರಿಸಿದರು. ಅಲ್ಲಿ ಕಾಲೇಜುಗಳು ಆಟಕ್ಕಾಗಿ ವಿದ್ಯಾರ್ಥಿವೇತನ ಕೊಟ್ಟು ಕಪ್ಪು ಹುಡುಗರನ್ನು ಕರೆಸಿಕೊಳ್ತವೆ. ಆಡಿಸಿ ಹೆಸರು ಮಾಡ್ತವೆ, ಕಾಸು ಮಾಡ್ತವೆ. ಎಷ್ಟೋ ಹುಡುಗರು ಆಟದ ವರ್ಷ ಮುಗಿದ ಮೇಲೆ ಡಿಗ್ರಿ ಇಲ್ಲದೆ ಮನೆಗೆ ಹೋದರು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸ್ಟೇಟ್ ಕಾಲೇಜಿನಲ್ಲಿ ಹ್ಯಾರಿ ಎಡ್ವರ್ಡ್ಸ್ ಅಂತ ಒಬ್ಬ ಕಪ್ಪು ವಿದ್ಯಾರ್ಥಿ ಇದ್ದ. ಚಕ್ರ ಎಸೆತದವನು. ಆಟದ ಮೇಲೆ ಬಂದವನೇ, ಆದರೆ ಸಮಾಜಶಾಸ್ತ್ರ ಓದಿ ಅಲ್ಲೇ ಮೇಷ್ಟ್ರಾದ. 1967ರಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ ಬಾಡಿಗೆ ಮನೆ ಕೊಡಲ್ಲ ಅಂದಾಗ, ಈ ಅನ್ಯಾಯ ಸರಿ ಮಾಡದಿದ್ದರೆ ವರ್ಷದ ಮೊದಲ ಫುಟ್‌ಬಾಲ್ ಪಂದ್ಯ ನಡೆಯೋಕೆ ಬಿಡಲ್ಲ ಅಂತ ನಿಂತ. ಪಂದ್ಯ ರದ್ದಾಯಿತು. ಕಾಲು ನಮ್ಮದು ಅಂತ ಗೊತ್ತಾದ ದಿನ ಅದು.

ಮಾರನೇ ವರ್ಷ, 1968ರ ಮೆಕ್ಸಿಕೋ ಒಲಿಂಪಿಕ್ಸಿನಲ್ಲಿ ಅದೇ ಕಾಲೇಜಿನ ಟಾಮಿ ಸ್ಮಿತ್ 200 ಮೀಟರನ್ನು 19.83 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದ. ಜಾನ್ ಕಾರ್ಲೋಸ್ ಮೂರನೆಯವನಾದ. ಇಬ್ಬರೂ ಪದಕದ ಕಟ್ಟೆ ಮೇಲೆ ಕಪ್ಪು ಕೈಗವಸು ಹಾಕಿದ ಮುಷ್ಟಿ ಎತ್ತಿದರು. ಒಲಿಂಪಿಕ್ಸಿನಿಂದಲೇ ಅವರನ್ನು ಹೊರಗೆ ಹಾಕಿದರು. ಆ ಫೋಟೋ ನೀವೆಲ್ಲ ನೋಡಿದ್ದೀರಿ. ನೋಡದೆ ಇರೋದು ಆಮೇಲಿನದು. ಆ ಸ್ಮಿತ್ ಡಿಗ್ರಿ ಮುಗಿಸಿದ. ಹೊರಗೆ ಹಾಕಿಸಿಕೊಂಡ ಮೇಲೆ ಎಷ್ಟೋ ಕಷ್ಟಪಟ್ಟ. ಆದರೆ ಕೊನೆಗೆ ಕಾಲೇಜಿನಲ್ಲಿ ಪಾಠ ಹೇಳಿ, ತರಬೇತಿ ಕೊಟ್ಟು ಬದುಕಿದ. ಮುಷ್ಟಿ ಎತ್ತಿದವನನ್ನು ಕೈ ಬಿಡೋರು ಬಹಳ ಜನ. ಆಗ ಕೈ ಹಿಡಿದದ್ದು ಓದು.

ಅದಕ್ಕೂ ಹಿಂದೆ ಪಾಲ್ ರೋಬ್ಸನ್ ಇದ್ದ. ನಿಮಗೆ ಹಾಡುಗಾರ ಅಂತ ಗೊತ್ತಿರಬಹುದು. 1915ರಲ್ಲಿ ಪರೀಕ್ಷೆ ಬರೆದು ಗೆದ್ದು ರಟ್ಗರ್ಸ್ ಕಾಲೇಜು ಸೇರಿದ. ಗಮನಿಸಿ, ಸೇರಿದ್ದು ಓದಿನ ಮೇಲೆ. ಆಮೇಲೆ ಫುಟ್‌ಬಾಲ್ ಆಡಲು ಹೋದಾಗ ಅವನದೇ ತಂಡದವರು ಮೂಗು ಮುರಿದರು. ಒಮ್ಮೆ ಎದುರು ತಂಡ ಕಪ್ಪು ಹುಡುಗ ಇದ್ದರೆ ಆಡಲ್ಲ ಅಂದಾಗ ಅವನದೇ ಕಾಲೇಜು ಅವನನ್ನು ಹೊರಗೆ ಕೂರಿಸಿತು. ಆದರೂ ದೇಶದ ಅತ್ಯುತ್ತಮ ಆಟಗಾರರ ಪಟ್ಟಿ ಸೇರಿದ. 1919ರಲ್ಲಿ ತರಗತಿಗೆಲ್ಲ ಮೊದಲಿಗನಾಗಿ ಡಿಗ್ರಿ ತಗೊಂಡ. ಆಮೇಲೆ ಕಾನೂನು ಓದಲು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದ. ಬಾಬಾಸಾಹೇಬರು 1913ರಿಂದ 1916ರವರೆಗೆ ಓದಿದ ಅದೇ ಕೊಲಂಬಿಯಾ. ಆ ಓದಿನ ಖರ್ಚಿಗೆ ಹಣಕ್ಕಾಗಿ ಫುಟ್‌ಬಾಲ್ ಆಡಿದ. ಅವನು ಆಟವನ್ನು ಓದಿಗೆ ದುಡಿಸಿಕೊಂಡ. ನಾವು ಐದು ಜನ ಓದನ್ನು ಆಟಕ್ಕೆ ಬಲಿ ಕೊಟ್ಟೆವು.

ಇನ್ನೊಂದು ಉದಾಹರಣೆ, ನಮ್ಮ ಉತ್ತರ ಕನ್ನಡದ್ದು. ಸಿದ್ದಿಗಳು ಗೊತ್ತಲ್ಲ, ಆಫ್ರಿಕಾ ಮೂಲದ ನಮ್ಮ ಬಂಧುಗಳು. 1980ರ ದಶಕದ ಕೊನೆಯಲ್ಲಿ ಕ್ರೀಡಾ ಪ್ರಾಧಿಕಾರದವರು ಇವರು ಆಫ್ರಿಕಾದವರು, ಓಡ್ತಾರೆ, ಒಲಿಂಪಿಕ್ಸ್ ಪದಕ ತರ್ತಾರೆ ಅಂತ ಕಾಡಿನ ಹಾಡಿಗಳಿಂದ ಮಕ್ಕಳನ್ನು ಆರಿಸಿ ಕರೆದುಕೊಂಡು ಬಂದು ತರಬೇತಿ ಕೊಟ್ಟರು. ಮಕ್ಕಳು ಚೆನ್ನಾಗಿ ಓಡಿದರು, ಪದಕಗಳನ್ನೂ ತಂದರು. 1990ರ ದಶಕದ ಶುರುವಿನಲ್ಲಿ ಯೋಜನೆ ನಿಂತಿತು. ಕೆಲವರು ಆಟದ ಮೇಲೆ ಸರ್ಕಾರಿ ಕೆಲಸ ಹಿಡಿದರು. ಮಿಕ್ಕವರು ಬಂದ ಹಾಡಿಗೇ ವಾಪಸ್ಸು ಹೋದರು. ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಅಂದರೆ ಸರ್ಕಾರಕ್ಕೆ ಅವರ ಕಾಲು ಕಂಡು ಹದಿನೈದು ವರ್ಷದ ಮೇಲೆ ಅವರ ಹಕ್ಕು ಕಂಡಿತು. ಯೋಜನೆ ಅನ್ನೋದು ಮೇಲಿನವರ ಇಷ್ಟದ ಮೇಲೆ ಶುರುವಾಗ್ತದೆ, ಇಷ್ಟದ ಮೇಲೆ ನಿಲ್ತದೆ. ನಿಂತ ದಿನ ನಿಮ್ಮ ಕೈಯಲ್ಲಿ ಏನಿರ್ತದೆ ಅನ್ನೋದೇ ಪ್ರಶ್ನೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡ್ಕೊಳ್ಳಿ. ಮೀಸಲಾತಿಯ ಸೀಟು ಹಕ್ಕು. ಸಂವಿಧಾನದ 15ನೇ ವಿಧಿಗೆ 1951ರಲ್ಲಿ ಸೇರಿಸಿದ ನಾಲ್ಕನೇ ಉಪವಿಧಿ ಅದಕ್ಕೆ ಆಧಾರ. ನೀವು ಫೇಲಾದರೆ ಓದು ಹಿಂದೆ ಬೀಳಬಹುದು, ಆದರೆ ಮಂಡಿ ನೋವಾಯ್ತು ಅಂತ ಯಾರೂ ಆ ಸೀಟು ಕಿತ್ತುಕೊಳ್ಳೋ ಹಾಗಿಲ್ಲ. ಖಾಸಗಿ ಕಾಲೇಜಿನ ಆಟದ ಸೀಟು ಹಾಗಲ್ಲ. ಅದು ಋಣ. ದಿನಾ ಬೆಳಿಗ್ಗೆ ಸಂಜೆ ತೀರಿಸಬೇಕಾದ ಋಣ. ಹಕ್ಕನ್ನು ಬಿಟ್ಟು ಋಣಕ್ಕೆ ಹೋಗೋ ಮುಂಚೆ ಲೆಕ್ಕ ಹಾಕಬೇಕು.

ಲೆಕ್ಕ ಹಾಕೋಣ. ಟಿ.ವಿ.ಯಲ್ಲಿ ಕಬಡ್ಡಿ ನೋಡ್ತೀರಿ. ಪ್ರೊ ಕಬಡ್ಡಿ 2014ರಲ್ಲಿ ಶುರುವಾಯ್ತು. 2017ರಿಂದ 12 ತಂಡ. ಒಂದೊಂದು ತಂಡಕ್ಕೆ 25 ಜನ ಅಂದುಕೊಂಡರೂ ಇಡೀ ದೇಶಕ್ಕೆ 300 ಜನ. ಅದರಲ್ಲಿ ಕೋಟಿ ಎಣಿಸೋರು ಬೆರಳೆಣಿಕೆ. ಎಲ್ಲ ರಾಜ್ಯದ ಎಲ್ಲ ಊರಿನ ಹುಡುಗರೂ ಆ 300ಕ್ಕೆ ಕಣ್ಣಿಟ್ಟಿದ್ದಾರೆ. ನಮ್ಮ ಹುಡುಗ ಅಲ್ಲಿಗೆ ಹೋಗೋದು ಬೇಡ ಅಂತ ಅಲ್ಲ. ಹೋಗಲಿ. ಆದರೆ ಅದನ್ನೊಂದೇ ನಂಬಿ ಮನೆ ಕಟ್ಟೋಕಾಗಲ್ಲ.

ಪೊಲೀಸ್ ಕೆಲಸ ಅಂತೀರಿ. ಒಳ್ಳೇದು. ಕಾನ್ಸ್‌ಟೇಬಲ್ ದೇಹದಾರ್ಢ್ಯ ಪರೀಕ್ಷೆಯಲ್ಲಿ ಗಂಡಸರು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು. ಇಲ್ಲಿರೋ ಅರ್ಧ ಜನ ಬರಿಗಾಲಲ್ಲಿ ಓಡ್ತೀರಿ. ಆದರೆ ಬರವಣಿಗೆ ಪರೀಕ್ಷೆಯೂ ಇದೆಯಲ್ಲ? ನಮ್ಮ ಹುಡುಗರು ಬೀಳ್ತಿರೋದು ಅಲ್ಲಿ, ಮೈದಾನದಲ್ಲಲ್ಲ. ಸಿವಿಲ್ ಕಾನ್ಸ್‌ಟೇಬಲ್‌ಗೆ ಪಿ.ಯು.ಸಿ. ಸಾಕು, ಸಬ್ ಇನ್ಸ್‌ಪೆಕ್ಟರ್ ಆಗಬೇಕಾದರೆ ಡಿಗ್ರಿ ಬೇಕು. ಒಂದೇ ವೇಗದಲ್ಲಿ ಓಡೋ ಇಬ್ಬರಲ್ಲಿ ಒಬ್ಬ ಸೆಲ್ಯೂಟ್ ಹೊಡೆಯೋನು, ಒಬ್ಬ ಹೊಡೆಸಿಕೊಳ್ಳೋನು. ನಡುವೆ ಇರೋದು ಡಿಗ್ರಿ.

ಆಟದ ಕೋಟಾದಲ್ಲಿ ರೈಲ್ವೆ, ಕೇಂದ್ರ ಸರ್ಕಾರದ ಕೆಲಸ ಇದೆ, ನಿಜ. ಅದಕ್ಕೂ ಲೆಕ್ಕ ಇದೆ. ಯಾವ ಸರ್ಟಿಫಿಕೇಟು ನಡೀತದೆ ಅಂತ ನಿಯಮ ಇದೆ. ಕೇಂದ್ರದಲ್ಲಿ ಅಂತರರಾಷ್ಟ್ರೀಯ, ರಾಷ್ಟ್ರೀಯ, ಅಂತರ ವಿಶ್ವವಿದ್ಯಾಲಯ, ರಾಷ್ಟ್ರಮಟ್ಟದ ಶಾಲಾ ಕೂಟ ಅಂತ ಒಂದೊಂದಕ್ಕೆ ಒಂದೊಂದು ನಮೂನೆಯ ಅರ್ಜಿ ಇದೆ. ಊರ ಜಾತ್ರೆ ಪಂದ್ಯದ ಕಪ್ಪು, ತಾಲ್ಲೂಕು ದಸರಾ ಕೂಟದ ಸರ್ಟಿಫಿಕೇಟು ಅಲ್ಲಿ ನಡೆಯಲ್ಲ. ಎಷ್ಟೋ ಹುಡುಗರು ಟ್ರಂಕಿನ ತುಂಬ ಸರ್ಟಿಫಿಕೇಟು ಇಟ್ಟುಕೊಂಡು ಒಂದೂ ನಡೆಯದೆ ಕೂತಿದ್ದಾರೆ. ಇನ್ನು ಖೇಲೋ ಇಂಡಿಯಾದಲ್ಲಿ ಆಯ್ಕೆಯಾದರೆ ತಿಂಗಳಿಗೆ 10 ಸಾವಿರ ಕೈಖರ್ಚು ಕೊಡುವ ಏರ್ಪಾಡಿದೆ. ಆದರೆ ಆಯ್ಕೆಯಾಗಬೇಕಾದರೆ ದೇಶದ ಮುಂದಿನ ಸಾಲಿನಲ್ಲಿರಬೇಕು.

ಒಂದು ಮುಖ್ಯ ವಿಷಯ ನಮ್ಮ ಹುಡುಗರಿಗೆ ಯಾರೂ ಹೇಳಲ್ಲ. ವಿಶ್ವವಿದ್ಯಾಲಯದ ತಂಡಕ್ಕೆ ಸೇರೋಕೆ "ಸ್ಪೋರ್ಟ್ಸ್ ಕಾಲೇಜೇ" ಆಗಬೇಕು ಅಂತಿಲ್ಲ. ಆ ವಿಶ್ವವಿದ್ಯಾಲಯಕ್ಕೆ ಸೇರಿದ ಯಾವ ಕಾಲೇಜಿನವನಾದರೂ ಅಂತರ ಕಾಲೇಜು ಕೂಟದಲ್ಲಿ ಓಡಬಹುದು, ಗೆದ್ದರೆ ಆಯ್ಕೆಯಾಗಬಹುದು. ಸರ್ಕಾರಿ ಕಾಲೇಜಿನ ಬಿ.ಎಸ್ಸಿ. ಹುಡುಗನೂ ಅಲ್ಲಿಗೆ ಹೋಗಬಹುದು. ಕಷ್ಟ ಇದೆ, ಮರೆಮಾಚಲ್ಲ. ಕೋಚ್ ಇರಲ್ಲ, ಮೊಟ್ಟೆ ಹಾಲು ಇರಲ್ಲ, ಟ್ರ್ಯಾಕ್ ಇರಲ್ಲ. ಒಳ್ಳೆ ತರಬೇತಿ ಇಲ್ಲದೆ ಅರ್ಧ ಸೆಕೆಂಡಿನಲ್ಲಿ ಪದಕ ತಪ್ಪಬಹುದು. ಆದರೆ ಬಾಗಿಲು ಮುಚ್ಚಿಲ್ಲ.

ಹಾಗಾದರೆ ಆಟಕ್ಕಾಗಿ ಕಾಲೇಜು ಆರಿಸೋದೇ ತಪ್ಪಾ? ತಪ್ಪಲ್ಲ. ಛೋಟಾ ನಾಗಪುರದ ಮುಂಡಾ ಆದಿವಾಸಿ ಜೈಪಾಲ್ ಸಿಂಗ್ ಆಕ್ಸ್‌ಫರ್ಡಿನಲ್ಲಿ ಓದಿದರು, ಅಲ್ಲಿ ಹಾಕಿ ಆಡಿದರು, 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿಗೆ ಭಾರತದ ನಾಯಕರಾದರು. ಆಮೇಲೆ ಸಂವಿಧಾನ ಸಭೆಯಲ್ಲಿ ಕೂತು ಆದಿವಾಸಿಗಳ ಪರ ಮಾತಾಡಿದರು. ಹಾಕಿ ಕೋಲು ಹಿಡಿದ ಕೈಯೇ ಸಂವಿಧಾನಕ್ಕೂ ಸಹಿ ಹಾಕಿತು. ಮೈದಾನ ನಮಗೆ ಕೊಡೋದು ಚಿಕ್ಕದಲ್ಲ. ನಮ್ಮ ಮೈ ಮೊದಲ ಸಲ ಇನ್ನೊಬ್ಬರ ಹೊಲಕ್ಕಲ್ಲದೆ ನಮ್ಮ ಖುಷಿಗೆ ಬೆವರೋದು ಅಲ್ಲೇ. ಗೌಡರ ಮಗನನ್ನು ಹಿಂದೆ ಹಾಕಿ ದಾರ ಮುಟ್ಟಿದ ಹುಡುಗ ಮಾರನೇ ದಿನ ಊರಬಾಗಿಲಲ್ಲಿ ತಲೆ ಬಗ್ಗಿಸಿ ನಡೆಯಲ್ಲ. ಓದಿನಿಂದ ಬರೋ ಧೈರ್ಯ ಒಂದು ಥರ, ಇದು ಇನ್ನೊಂದು ಥರ. ಎರಡೂ ಬೇಕು.

ಅದಕ್ಕೆ ನಾವು ಹೇಳೋದು, ಹೋಗಿ, ಆದರೆ ಕೇಳಿ ಹೋಗಿ. ಕೇಳಬೇಕಾದ್ದನ್ನು ಬರ್ಕೊಳ್ಳಿ.

ಮೊದಲನೇದು, ಏನೇನು ಫ್ರೀ, ಎಷ್ಟು ವರ್ಷ ಫ್ರೀ ಅಂತ ಕಾಲೇಜಿನ ಮೊಹರು ಹಾಕಿ ಬರೆದು ಕೊಡ್ತೀರಾ? ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ, ಊಟ, ರೂಮು ಬೇರೆ ಬೇರೆ ಬರೆಸಿ.

ಎರಡನೇದು, ಪೆಟ್ಟಾದರೆ? ಆಸ್ಪತ್ರೆ ಖರ್ಚು ಯಾರದು? ಆಡೋಕೆ ಆಗದೆ ಹೋದರೆ ಡಿಗ್ರಿ ಮುಗಿಯೋ ತನಕ ಸೀಟು ಇರ್ತದಾ? ಈ ಒಂದು ಪ್ರಶ್ನೆಗೆ ಅವರು ಕೊಡೋ ಉತ್ತರದಲ್ಲೇ ಅವರಿಗೆ ಬೇಕಾಗಿರೋದು ವಿದ್ಯಾರ್ಥಿಯೋ ಕಾಲೋ ಗೊತ್ತಾಗ್ತದೆ.

ಮೂರನೇದು, ಯಾವ ಕೋರ್ಸು ಅನ್ನೋದನ್ನು ನಾನು ಆರಿಸಬಹುದಾ? ಬಿ.ಎ. ಕಡಿಮೆ ಅಂತ ನಾವು ಹೇಳ್ತಿಲ್ಲ. ಇತಿಹಾಸ, ರಾಜ್ಯಶಾಸ್ತ್ರ ಓದಿದವರೇ ಚಳುವಳಿಗೆ ಬೆನ್ನೆಲುಬು. ಆದರೆ ಅದನ್ನು ನೀವು ಆರಿಸಬೇಕು. ತರಬೇತಿ ಹೊತ್ತಿಗೆ ಅನುಕೂಲ ಅಂತ ಬೇರೆಯವರು ನಿಮ್ಮ ಮೇಲೆ ಹಾಕಬಾರದು.

ನಾಲ್ಕನೇದು, ಕೂಟಕ್ಕೆ ಹೋದ ದಿನಗಳ ಹಾಜರಾತಿ ಏನಾಗ್ತದೆ? ತಪ್ಪಿದ ಪ್ರಾಕ್ಟಿಕಲ್ಲು, ಇಂಟರ್ನಲ್ ಟೆಸ್ಟು ಮತ್ತೆ ಕೊಡ್ತಾರಾ? ಮುಕ್ಕಾಲು ಪಾಲು ಹಾಜರಾತಿ ಇಲ್ಲ ಅಂತ ಪರೀಕ್ಷೆಗೆ ಕೂರಿಸದೆ ಇದ್ದ ಆಟಗಾರರನ್ನು ನಾವು ಕಂಡಿದ್ದೇವೆ. ವಿದ್ಯಾರ್ಥಿವೇತನಕ್ಕೂ ಹಾಜರಾತಿ, ಪಾಸು ಎರಡೂ ಬೇಕು. ಆಟದ ಹಣ ಬೇರೆ ತಗೊಂಡರೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ತೊಂದರೆ ಆಗ್ತದಾ ಅಂತ ಸಮಾಜ ಕಲ್ಯಾಣ ಇಲಾಖೆ ಆಫೀಸಿನಲ್ಲಿ ಮೊದಲೇ ಕೇಳಿ.

ಐದನೇದು, ಹಿಂದಿನ ಐದು ವರ್ಷದಲ್ಲಿ ಆಟದ ಮೇಲೆ ಸೇರಿದವರು ಎಷ್ಟು ಜನ, ಡಿಗ್ರಿ ಮುಗಿಸಿದವರು ಎಷ್ಟು ಜನ? ಇದನ್ನು ಪ್ರಿನ್ಸಿಪಾಲರ ಹತ್ತಿರ ಕೇಳಿದರೆ ಶೀಲ್ಡು ತೋರಿಸ್ತಾರೆ. ಕಾಲೇಜಿನ ಮುಂದಿನ ಟೀ ಅಂಗಡಿಯಲ್ಲಿ ಸೀನಿಯರುಗಳನ್ನು ಕೇಳಿ.

ಆರನೇದು, ಅಸಲು ಮಾರ್ಕ್ಸ್ ಕಾರ್ಡು. ನೋಡಿ ವಾಪಸ್ಸು ಕೊಡಬೇಕು, ಇಟ್ಟುಕೊಳ್ಳೋ ಹಾಗಿಲ್ಲ ಅಂತ 2018ರಲ್ಲೇ ಯು.ಜಿ.ಸಿ. ಹೇಳಿದೆ. ಜೀತಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಪತ್ರ ಸಾಹುಕಾರನ ಪೆಟ್ಟಿಗೆಯಲ್ಲಿ ಇರ್ತಿತ್ತು. ನಿಮ್ಮ ಮಾರ್ಕ್ಸ್ ಕಾರ್ಡು ಆ ಪತ್ರ ಆಗಬಾರದು.

ಏಳನೇದು, ಸರ್ಕಾರಿ ಹಾಸ್ಟೆಲ್ ಸೀಟು ಬಿಟ್ಟು ಹೋದರೆ ವರ್ಷದ ನಡುವೆ ವಾಪಸ್ಸು ಬರೋಕೆ ಆಗ್ತದಾ? ವಾರ್ಡನ್ನರನ್ನು ಕೇಳಿ. ಆ ಕಡೆ ಅನ್ನ ನಿಂತು ಈ ಕಡೆ ಬಾಗಿಲು ಮುಚ್ಚಿದರೆ ಹುಡುಗ ಬಸ್ ಸ್ಟ್ಯಾಂಡಿನಲ್ಲಿ ಮಲಗಬೇಕಾಗ್ತದೆ.

ತಂಗಿಯರೇ, ನಿಮಗೆ ಇನ್ನೂ ಎರಡು ಪ್ರಶ್ನೆ ಜಾಸ್ತಿ. ಬೆಳಕು ಹರಿಯೋ ಮುಂಚೆ ಮೈದಾನಕ್ಕೆ ಹೋಗೋ ದಾರಿಯಲ್ಲಿ ದೀಪ ಇದೆಯಾ, ಹೊರಗಿನ ಕೂಟಕ್ಕೆ ಹೋಗುವಾಗ ಜೊತೆಗೆ ಹೆಂಗಸರು ಯಾರು ಬರ್ತಾರೆ. ಕೇಳೋಕೆ ಸಂಕೋಚ ಬೇಡ. 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ವಂದನಾ ಕಟಾರಿಯಾ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದಳು. ಒಲಿಂಪಿಕ್ಸ್ ಹಾಕಿಯಲ್ಲಿ ಹಾಗೆ ಹೊಡೆದ ಮೊದಲ ಭಾರತೀಯ ಹೆಣ್ಣುಮಗಳು. ಸೆಮಿಫೈನಲ್ ಸೋತ ದಿನ ಹರಿದ್ವಾರದ ಹತ್ತಿರ ಅವಳ ಮನೆ ಮುಂದೆ ಪಟಾಕಿ ಹೊಡೆದು ಜಾತಿ ಹಿಡಿದು ಬೈದರು. ಗೆದ್ದಾಗ ದೇಶದ ಮಗಳು, ಸೋತಾಗ ಕೇರಿಯ ಮಗಳು. ಈ ದೇಶದಲ್ಲಿ ಪದಕ ಜಾತಿಯನ್ನು ಮುಚ್ಚಲ್ಲ. ಗೊತ್ತಿದ್ದೇ ಆಡಿ.

ಕೊನೆಗೆ ನಮ್ಮ ಕರ್ತವ್ಯ. ಒಬ್ಬೊಬ್ಬನೇ ಹೋಗಿ ಕೇಳಿದರೆ "ಇಷ್ಟ ಇದ್ದರೆ ಬಾ" ಅಂತಾರೆ. ಹಾಸ್ಟೆಲ್ ಸೇರಿ ಕೇಳಿದರೆ ಉತ್ತರ ಬೇರೆ. 1973ರ ಬೂಸಾ ಗಲಾಟೆಯಲ್ಲಿ ದಲಿತ ವಿದ್ಯಾರ್ಥಿಗಳ ಮೇಲೆ, ಹಾಸ್ಟೆಲುಗಳ ಮೇಲೆ ಕಲ್ಲು ಬಿದ್ದಾಗ ಹುಡುಗರು ರೂಮಿನಲ್ಲಿ ಒಬ್ಬೊಬ್ಬರೇ ಕೂತು ಅಳಲಿಲ್ಲ. ಸೇರಿದರು. ಆ ಸೇರಿದ್ದರಿಂದಲೇ ನಮ್ಮ ಸಂಘಟನೆ ಬೆಳೆದದ್ದು. ಅದೇ ಬುದ್ಧಿ ಇಲ್ಲೂ ಬೇಕು. ಹಾಸ್ಟೆಲಿನಲ್ಲಿ ಒಂದು ನೋಟ್‌ಬುಕ್ ಇಡಿ. ಯಾರು ಯಾವ ಕಾಲೇಜಿಗೆ ಆಟದ ಮೇಲೆ ಹೋದರು, ಏನು ಮಾತು ಕೊಟ್ಟರು, ಏನು ನಡೆಸಿದರು ಅಂತ ಬರೆದಿಡಿ. ಮುಂದಿನವನು ಅದನ್ನು ಓದಿ ಹೋಗಲಿ. ಆಡೋ ಹುಡುಗ ಕ್ಲಾಸಿಗೆ ಬರದ ದಿನ ಅವನಿಗೆ ನೋಟ್ಸ್ ಬರೆದುಕೊಡೋನು ಅದೇ ರೂಮಿನವನಾಗಲಿ. ಸಮಾಜ ಕಲ್ಯಾಣ ಇಲಾಖೆಗೆ ಮನವಿ ಕೊಡೋಣ. ಹಾಸ್ಟೆಲಿಗೊಂದು ಮೈದಾನ ಕೊಡಿ, ಆಡೋ ಮಕ್ಕಳ ತಟ್ಟೆಗೆ ಒಂದು ಮೊಟ್ಟೆ ಜಾಸ್ತಿ ಹಾಕಿ ಅಂತ. ಅದು ಸಿಕ್ಕಿದರೆ ನಮ್ಮ ಹುಡುಗ ಮೊಟ್ಟೆಗಾಗಿ ಬಿ.ಎಸ್ಸಿ. ಮಾರಬೇಕಾಗಿಲ್ಲ.

ನಮ್ಮ ಹುಡುಗನ ವಿಷಯ ಏನಾಯ್ತು ಅಂತ ಕೇಳ್ತೀರಿ. ನಿನ್ನೆ ಅವನ ಜೊತೆ ನಾವೂ ಆ ಕಾಲೇಜಿಗೆ ಹೋದೆವು. ಈ ಏಳು ಪ್ರಶ್ನೆ ಬಿಳಿ ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆವು. ನಿರ್ದೇಶಕರು ಕೆಟ್ಟವರಲ್ಲ, ಕುರ್ಚಿ ಕೊಟ್ಟು ಮಾತಾಡಿಸಿದರು. ಆದರೆ ಹಾಳೆ ನೋಡಿ, "ಇದೆಲ್ಲ ಬರೆದು ಕೊಡೋ ಪದ್ಧತಿ ಇಲ್ಲ, ನಂಬಿಕೆ ಮೇಲೆ ಬನ್ನಿ" ಅಂದರು. ನಂಬಿಕೆ ಮೇಲೆ ಹೋದ ಐದು ಜನರ ಕತೆ ನಿಮಗೆ ಹೇಳಿದ್ದೇವೆ. ಹುಡುಗ ದಾರಿಯಲ್ಲಿ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಣ್ಣಾ, ಬಿ.ಎಸ್ಸಿ.ಗೇ ಹೋಗ್ತೀನಿ. ಆದರೆ ಓಡೋದು ಬಿಡಲ್ಲ" ಅಂದ. ಅವರಪ್ಪನಿಗೆ ನಾವೇ ಹೋಗಿ ಹೇಳಿ ಒಪ್ಪಿಸಬೇಕು. ಅದು ಇದಕ್ಕಿಂತ ಕಷ್ಟದ ಕೆಲಸ.

ಹಾಗೇ ಇನ್ನೊಂದು ವಿಷಯ. ಹೋದ ವರ್ಷ ಪಕ್ಕದ ಹೆಣ್ಣುಮಕ್ಕಳ ಹಾಸ್ಟೆಲಿನ ಒಬ್ಬ ತಂಗಿ, ಈಟಿ ಎಸೆಯೋಳು, ಬೇರೆ ಒಂದು ಕಾಲೇಜಿಗೆ ಆಟದ ಮೇಲೇ ಸೇರಿದಳು. ಅವಳಿಗೂ ಇದೇ ಪ್ರಶ್ನೆ ಬರೆದುಕೊಟ್ಟಿದ್ದೆವು. ಆ ಕಾಲೇಜಿನವರು ಮೂರು ವರ್ಷಕ್ಕೂ ಬರೆದು ಕೊಟ್ಟರು. ಬಿ.ಕಾಂ. ಅವಳೇ ಆರಿಸಿಕೊಂಡಳು. ಭುಜ ನೋವಾಗಿ ಎರಡು ತಿಂಗಳು ಎಸೆಯಲಿಲ್ಲ. ಯಾರೂ ಫೀಜು ಕೇಳಲಿಲ್ಲ. ಈಗ ಮತ್ತೆ ಎಸೀತಿದ್ದಾಳೆ. ಆದ್ದರಿಂದ ಎಲ್ಲರಿಗೂ ಒಂದೇ ಉತ್ತರ ಇಲ್ಲ. ಎಲ್ಲರಿಗೂ ಒಂದೇ ಹಾಳೆ ಇದೆ. ಅದನ್ನು ಇಟ್ಟು ಕೇಳೋ ಧೈರ್ಯ ಬೇಕು.

ಇನ್ನೊಂದು ಮಾತು ಹೇಳಿ ಮುಗಿಸ್ತೀವಿ. ಬಿ.ಎಸ್ಸಿ. ಸೇರಿದ ಹುಡುಗ ಬರಿಗಾಲಲ್ಲಿ ಅಂತರ ಕಾಲೇಜು ಕೂಟಕ್ಕೆ ಹೋಗಬಾರದು. ಅವನಿಗೆ ಒಂದು ಜೊತೆ ಸ್ಪೈಕ್ ಶೂ ಬೇಕು. ಸಭೆ ಮುಗಿದ ಮೇಲೆ ಬಾಗಿಲ 앞 ಹತ್ತಿರ ಒಂದು ಟವೆಲ್ ಹಿಡ್ಕೊಂಡು ನಿಂತಿರ್ತೀವಿ. ಐದೋ ಹತ್ತೋ, ಕೈಲಾದದ್ದು ಹಾಕಿ. ಇದು ಭಿಕ್ಷೆ ಅಲ್ಲ, ಋಣವೂ ಅಲ್ಲ. ಅವನು ಸೋತರೂ ನಾವು ವಾಪಸ್ಸು ಕೇಳಲ್ಲ.

ಜೈ ಭೀಮ್.